ಕಂಪ್ಯೂಟರ್ ಬದಲಾದರೂ ಕನ್ನಡ ಕೆಡದಿರಲಿ: ಎಡಿಟರ್ ಸೆಟ್ಟಿಂಗುಗಳನ್ನು ಕಾಪಾಡುವ ಬಗೆ

ಕುವೈತಿನಲ್ಲಿ ನೆಲೆಸಿರುವ ನಮ್ಮ ಕುಟುಂಬಗಳಲ್ಲಿ ಇಂದು ಕಂಪ್ಯೂಟರ್ ಇಲ್ಲದ ಮನೆಯನ್ನು ಹುಡುಕುವುದೇ ಕಷ್ಟ. ದುಡಿಯುವವರಿಗೆ ಕಂಪೆನಿ ಕೊಟ್ಟ ಲ್ಯಾಪ್‌ಟಾಪ್, ಹನ್ನೊಂದು-ಹನ್ನೆರಡನೆಯ ತರಗತಿಯಲ್ಲಿ ಪೈಥಾನ್ ಕಲಿಯುತ್ತಿರುವ ಮಕ್ಕಳಿಗೆ ಇನ್ನೊಂದು, ಸಂಘದ ಆಮಂತ್ರಣ, ವರದಿ, ಸ್ಮರಣ ಸಂಚಿಕೆಯ ಲೇಖನಗಳನ್ನು ಟೈಪ್ ಮಾಡಲು ಮತ್ತೊಂದು ಹಳೆಯದು. ಇಷ್ಟೆಲ್ಲ ಇದ್ದರೂ ಕಂಪ್ಯೂಟರ್ ಬದಲಾದ ದಿನ ಹೆಚ್ಚಿನ ಮನೆಗಳಲ್ಲಿ ಒಂದೇ ರಗಳೆ. ಹಳೆಯದರಲ್ಲಿ ಸರಾಗವಾಗಿ ಮೂಡುತ್ತಿದ್ದ ಕನ್ನಡ ಹೊಸದರಲ್ಲಿ ಮೂಡುವುದಿಲ್ಲ. ಒತ್ತಕ್ಷರಗಳ ಬಾಲ ಕತ್ತರಿಸಿ ಹೋಗುತ್ತದೆ. ಮಗ ಬರೆದಿಟ್ಟ ಪ್ರೋಗ್ರಾಮಿನ ಸಾಲುಗಳು ಅಂಕುಡೊಂಕಾಗುತ್ತವೆ. "ಕಂಪ್ಯೂಟರ್ ಸರಿ ಇಲ್ಲ" ಎಂದು ನಾವು ಅದನ್ನೇ ಬೈಯುತ್ತೇವೆ.

ಆದರೆ ಹೆಚ್ಚಿನ ಸಲ ಯಂತ್ರದ ತಪ್ಪೇನೂ ಇರುವುದಿಲ್ಲ. ಹಳೆಯ ಕಂಪ್ಯೂಟರಿನಲ್ಲಿ ನಾವು ಒಂದೊಂದಾಗಿ ಮಾಡಿಕೊಂಡಿದ್ದ ಸೆಟ್ಟಿಂಗುಗಳು ಅಲ್ಲಿಯೇ ಉಳಿದುಹೋಗಿರುತ್ತವೆ, ಅಷ್ಟೆ. ಈ ಸೆಟ್ಟಿಂಗುಗಳು ಎಲ್ಲಿರುತ್ತವೆ, ಅವನ್ನು ಕೈಯಿಂದಲೇ ನೋಡಿಕೊಳ್ಳುವುದು ಹೇಗೆ, ಅದಕ್ಕೆಂದೇ ಇರುವ ಸ್ವಯಂಚಾಲಿತ ಸಾಧನಗಳು ಏನು ಮಾಡುತ್ತವೆ, ಯಾರಿಗೆ ಯಾವುದು ಸಾಕು ಎಂಬುದನ್ನು ನಮ್ಮ ಮನೆಮಂದಿಗೆಲ್ಲ ಅರ್ಥವಾಗುವಂತೆ ತಿಳಿಸುವುದೇ ಈ ಲೇಖನದ ಉದ್ದೇಶ.

ಎಡಿಟರ್ ಮತ್ತು ಅದರ ಸೆಟ್ಟಿಂಗ್ ಫೈಲು

ಪತ್ರ ಬರೆಯಲು ನಾವು ಬಳಸುವ ವರ್ಡ್‌ನಂತಹ ತಂತ್ರಾಂಶವು ಅಕ್ಷರದ ಜೊತೆಗೆ ಬಣ್ಣ, ಗಾತ್ರ, ಪುಟದ ಅಂಚು ಎಲ್ಲವನ್ನೂ ಸೇರಿಸಿ ಇಡುತ್ತದೆ. ಟೆಕ್ಸ್ಟ್ ಎಡಿಟರ್ ಹಾಗಲ್ಲ. ಅದು ಇಡುವುದು ಬರೀ ಅಕ್ಷರಗಳನ್ನು. ವಿಂಡೋಸ್ ಜೊತೆಗೇ ಬರುವ ನೋಟ್‌ಪ್ಯಾಡ್ ಅತ್ಯಂತ ಸರಳ ಎಡಿಟರ್. 2003ರಲ್ಲಿ ಬಂದ ನೋಟ್‌ಪ್ಯಾಡ್ ಪ್ಲಸ್ ಪ್ಲಸ್, 2015ರಲ್ಲಿ ಮೈಕ್ರೋಸಾಫ್ಟ್ ಹೊರತಂದ ವಿಷುಯಲ್ ಸ್ಟುಡಿಯೋ ಕೋಡ್, ಲಿನಕ್ಸ್ ಬಳಸುವವರ ಅಚ್ಚುಮೆಚ್ಚಿನ ವಿಮ್ ಮತ್ತು ಈಮ್ಯಾಕ್ಸ್ ಇವೆಲ್ಲ ಎಡಿಟರುಗಳೇ. ಪ್ರೋಗ್ರಾಂ ಬರೆಯುವವರು, ವೆಬ್ ಪುಟ ಮಾಡುವವರು, ಪುಟವಿನ್ಯಾಸಕ್ಕೆ ಮೊದಲು ಲೇಖನಗಳನ್ನು ಶುದ್ಧ ಪಠ್ಯವಾಗಿ ಕೂಡಿಡುವವರು ಇವನ್ನು ಬಳಸುತ್ತಾರೆ. ಈಮ್ಯಾಕ್ಸ್‌ನಲ್ಲಿ ಕನ್ನಡ ಟೈಪ್ ಮಾಡುವ ವಿಧಾನಗಳು ಒಳಗೇ ಇವೆ. ಜಗತ್ತಿನ ಹಲವು ಭಾಷೆಗಳಲ್ಲಿ ಸ್ವಾಗತ ಕೋರುವ ಅದರ ಒಂದು ಪುಟದಲ್ಲಿ ನಮ್ಮ "ನಮಸ್ಕಾರ"ವೂ ಇದೆ ಎಂಬುದು ಸಂತೋಷದ ಸಂಗತಿ.

ಇಂತಹ ಎಡಿಟರಿನಲ್ಲಿ ಅಕ್ಷರದ ಗಾತ್ರ ಎಷ್ಟಿರಬೇಕು, ಸಾಲುಗಳ ನಡುವೆ ಎಷ್ಟು ಜಾಗ ಬೇಕು, ಟ್ಯಾಬ್ ಒತ್ತಿದರೆ ಎಷ್ಟು ಅಂತರ, ಫೈಲನ್ನು ಯಾವ ಲಿಪಿಸಂಕೇತದಲ್ಲಿ ಉಳಿಸಬೇಕು ಎಂದು ನಾವು ಆಯ್ಕೆ ಮಾಡಿದ್ದನ್ನೆಲ್ಲ ಅದು ಒಂದು ಚಿಕ್ಕ ಫೈಲಿನಲ್ಲಿ ಬರೆದಿಟ್ಟುಕೊಳ್ಳುತ್ತದೆ. ಇದೇ ಸೆಟ್ಟಿಂಗ್ ಫೈಲು ಅಥವಾ ಕಾನ್ಫಿಗರೇಶನ್ ಫೈಲು. ವಿಮ್‌ಗೆ ಇದು "ವಿಮ್‌ಆರ್‌ಸಿ", ವಿಷುಯಲ್ ಸ್ಟುಡಿಯೋ ಕೋಡ್‌ಗೆ "ಸೆಟ್ಟಿಂಗ್ಸ್ ಡಾಟ್ ಜೇಸನ್", ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ಗೆ "ಕಾನ್ಫಿಗ್ ಡಾಟ್ ಎಕ್ಸ್‌ಎಂಎಲ್". ಇವೆಲ್ಲ ಸಾದಾ ಪಠ್ಯದ ಫೈಲುಗಳು. ತೆರೆದು ಓದಬಹುದು, ತಿದ್ದಬಹುದು, ಪೆನ್‌ಡ್ರೈವಿಗೆ ನಕಲು ಮಾಡಬಹುದು. ಮನೆಯ ಅಡುಗೆಗೆ ಅಮ್ಮ ಬರೆದಿಟ್ಟ ಅಳತೆಯ ಚೀಟಿ ಇದ್ದಂತೆ. ಚೀಟಿ ಕೈಯಲ್ಲಿದ್ದರೆ ಮಂಗಳೂರಿನಲ್ಲೂ ಸಾಲ್ಮಿಯಾದಲ್ಲೂ ಸಾರು ಒಂದೇ ರುಚಿ.

ಹಾಗಾದರೆ ಈ ಚೀಟಿ ನಮ್ಮ ಕಣ್ಣಿಗೆ ಬೀಳುವುದಿಲ್ಲವೇಕೆ? ಅದರ ಹಿಂದೆ ಒಂದು ತಮಾಷೆಯ ಚರಿತ್ರೆಯಿದೆ. ಯುನಿಕ್ಸ್ ವ್ಯವಸ್ಥೆಯ ಆರಂಭದ ದಿನಗಳಲ್ಲಿ ಪ್ರತಿ ಫೋಲ್ಡರಿನಲ್ಲೂ ಒಂದು ಚುಕ್ಕಿ, ಎರಡು ಚುಕ್ಕಿ ಎಂಬ ಹೆಸರಿನ ಎರಡು ನಮೂದುಗಳು ಇರುತ್ತಿದ್ದವು. ಫೈಲುಗಳ ಪಟ್ಟಿ ತೋರಿಸುವಾಗ ಈ ಎರಡನ್ನು ಮಾತ್ರ ಬಿಡಬೇಕಿತ್ತು. ಆದರೆ ಪ್ರೋಗ್ರಾಂ ಬರೆದವರು ಸುಲಭದ ದಾರಿ ಹಿಡಿದು, ಹೆಸರಿನ ಮೊದಲ ಅಕ್ಷರ ಚುಕ್ಕಿಯಾಗಿದ್ದರೆ ಬಿಟ್ಟುಬಿಡು ಎಂದು ಬರೆದರು. ಹೀಗೆ ಚುಕ್ಕಿಯಿಂದ ಆರಂಭವಾಗುವ ಎಲ್ಲ ಫೈಲುಗಳೂ ಮರೆಯಾದವು. ಅಲ್ಲಿಂದ ಮುಂದೆ ತಂತ್ರಾಂಶ ಬರೆಯುವವರು ತಮ್ಮ ಸೆಟ್ಟಿಂಗ್ ಫೈಲುಗಳನ್ನು ಚುಕ್ಕಿ ಇಟ್ಟು ಅಡಗಿಸತೊಡಗಿದರು. ಯುನಿಕ್ಸ್ ತಂಡದಲ್ಲಿ ಕೆಲಸ ಮಾಡಿದ್ದ ರಾಬ್ ಪೈಕ್ ಅವರು 2012ರಲ್ಲಿ ಈ ವಿಷಯವನ್ನು ಬರೆದು ತಿಳಿಸಿದರು. ಇಂದಿಗೂ ಇವನ್ನು "ಡಾಟ್ ಫೈಲು" ಎಂದೇ ಕರೆಯುತ್ತಾರೆ. ವಿಂಡೋಸ್‌ನಲ್ಲಿಯೂ ಹೆಚ್ಚಿನ ಸೆಟ್ಟಿಂಗ್ ಫೈಲುಗಳು ಸಾಮಾನ್ಯವಾಗಿ ಕಾಣದ "ಆಪ್‌ಡೇಟಾ" ಎಂಬ ಫೋಲ್ಡರಿನಲ್ಲಿ ಇರುತ್ತವೆ. ಹೊಸ ಕಂಪ್ಯೂಟರಿಗೆ ಫೋಟೋ, ಹಾಡು, ಪತ್ರಗಳನ್ನೆಲ್ಲ ನಕಲು ಮಾಡುವ ನಾವು ಕಾಣದ್ದನ್ನು ಬಿಟ್ಟುಬಿಡುತ್ತೇವೆ.

ಕುವೈತಿನ ಕಂಪ್ಯೂಟರಿನಲ್ಲಿ ಕನ್ನಡದ ಪಾಡು

ಇಲ್ಲಿ ಕೊಂಡ ಕಂಪ್ಯೂಟರಿಗೆ ಅರಬ್ಬಿ ಮತ್ತು ಇಂಗ್ಲಿಷ್ ಎರಡೂ ಅಚ್ಚಾಗಿರುವ ಕೀಲಿಮಣೆ ಇರುತ್ತದೆ. ಇದರಿಂದ ನಮಗೆ ಒದಗುವ ತೊಡಕುಗಳನ್ನು ಊರಿನಲ್ಲಿರುವವರು ಕಂಡಿರುವುದಿಲ್ಲ. ಮುಖ್ಯವಾದ ಕೆಲವನ್ನು ನೋಡೋಣ.

ಮೊದಲನೆಯದು ಹಳೆಯ ಫೈಲುಗಳದ್ದು. 1998ರಲ್ಲಿ ಶೇಷಾದ್ರಿವಾಸು ಅವರ "ಬರಹ", ಅದರ ಬಳಿಕ ಕನ್ನಡ ಗಣಕ ಪರಿಷತ್ತಿನ "ನುಡಿ" ಬಂದ ಮೇಲೆ ಹೊರನಾಡಿನ ನಮ್ಮ ಸಂಘಗಳಲ್ಲೂ ಕನ್ನಡ ಟೈಪಿಂಗ್ ಸಲೀಸಾಯಿತು. ಆದರೆ ಆ ಕಾಲದ ಫಾಂಟುಗಳು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಚೂರುಗಳನ್ನು ಚಿತ್ರಿಸುತ್ತಿದ್ದವು. ನುಡಿಯ ಹಳೆಯ ಫಾಂಟಿನಲ್ಲಿ "ಕ" ಎಂದರೆ ಒಳಗೆ ಇಂಗ್ಲಿಷಿನ ದೊಡ್ಡ "ಪಿ" ಮತ್ತು ತಲೆಯ ಮೇಲೆ ಗೀಟು ಇರುವ "ಎ" ಇವೆರಡರ ಜೋಡಿ. ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಗೊಂದಲ. ಅದರ ಮೇಲೆ ಕುವೈತಿನ ಕಂಪ್ಯೂಟರಿನಲ್ಲಿ "ಯುನಿಕೋಡ್ ಅಲ್ಲದ ತಂತ್ರಾಂಶಗಳ ಭಾಷೆ" ಎಂಬ ಸೆಟ್ಟಿಂಗ್ ಅರಬ್ಬಿ ಆಗಿದ್ದರೆ, ಸಾದಾ ಪಠ್ಯವಾಗಿ ಉಳಿಸಿದ ಅದೇ ಫೈಲಿನಲ್ಲಿ ಆ ಯುರೋಪಿನ ಅಕ್ಷರಗಳ ಜಾಗದಲ್ಲಿ ಅರಬ್ಬಿ ಅಕ್ಷರಗಳು ಮೂಡುತ್ತವೆ. ಊರಿನಿಂದ ಬಂದ ಹಳೆಯ ಲೇಖನ ಇಲ್ಲಿ ಅರಬ್ಬಿಯಾಗಿ ಕಾಣುವುದರ ಗುಟ್ಟು ಇದೇ. ಫೈಲು ಹಾಳಾಗಿರುವುದಿಲ್ಲ, ಓದುವ ಸೆಟ್ಟಿಂಗ್ ಬೇರೆಯಾಗಿರುತ್ತದೆ. ಅದನ್ನು ಹಾಗೆಯೇ ಉಳಿಸಿಬಿಟ್ಟರೆ ಮಾತ್ರ ನಿಜವಾಗಿಯೂ ಹಾಳಾಗುವ ಸಂಭವವಿದೆ. ಆದ್ದರಿಂದ ಹಳೆಯ ಫೈಲಿನ ನಕಲೊಂದನ್ನು ತೆಗೆದಿಟ್ಟು, ಆ ನಕಲನ್ನೇ ಪರಿವರ್ತಕ ತಂತ್ರಾಂಶದಿಂದ ಯುನಿಕೋಡಿಗೆ ಬದಲಾಯಿಸಬೇಕು.

ಯುನಿಕೋಡ್‌ನಲ್ಲಿ ಈ ಗೊಂದಲವಿಲ್ಲ. ಅಲ್ಲಿ ಕನ್ನಡಕ್ಕೆಂದೇ 128 ಸ್ಥಾನಗಳನ್ನು ಮೀಸಲಿಡಲಾಗಿದೆ. "ಕ" ಅಕ್ಷರದ ಸಂಖ್ಯೆ 3221. ಅದು ಕಾಸರಗೋಡಿನಲ್ಲೂ ಕಲಬುರಗಿಯಲ್ಲೂ ಕುವೈತಿನಲ್ಲೂ 3221 ಆಗಿಯೇ ಇರುತ್ತದೆ. ಈ ಸಂಖ್ಯೆಗಳನ್ನು ಫೈಲಿನಲ್ಲಿ ಬರೆಯುವ ಸಾಮಾನ್ಯ ಕ್ರಮದ ಹೆಸರು ಯುಟಿಎಫ್-8. ಇದರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಜಾಗ ಬೇಕು. "ಕನ್ನಡ" ಎಂಬ ಪದದಲ್ಲಿ ಕ, ನ, ಅರ್ಧಾಕ್ಷರದ ಗುರುತು, ನ, ಡ ಎಂದು 5 ಸಂಕೇತಗಳಿದ್ದು ಒಟ್ಟು 15 ಬೈಟುಗಳಾಗುತ್ತವೆ.

ಎರಡನೆಯ ತೊಡಕು ಉಳಿಸುವಾಗಿನದು. ಹಳೆಯ ವಿಂಡೋಸ್‌ನ ನೋಟ್‌ಪ್ಯಾಡ್ ತಾನಾಗಿ "ಆನ್ಸಿ" ಕ್ರಮದಲ್ಲಿ ಉಳಿಸುತ್ತಿತ್ತು. ಕನ್ನಡ ಟೈಪ್ ಮಾಡಿ, ಅದು ಕೊಡುವ ಎಚ್ಚರಿಕೆಯನ್ನು ಓದದೆ "ಓಕೆ" ಒತ್ತಿದರೆ ಅಕ್ಷರಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗಿ ಉಳಿಯುತ್ತಿದ್ದವು. ಹಾಗೆ ಹೋದ ಕನ್ನಡ ಮರಳಿ ಬರುವುದಿಲ್ಲ. 2019ರ ವಿಂಡೋಸ್ 10 ಪರಿಷ್ಕರಣೆಯಿಂದ ಹೊಸ ಫೈಲುಗಳಿಗೆ ಯುಟಿಎಫ್-8 ಸಹಜ ಕ್ರಮವಾಗಿದೆ. ಆದರೂ ಬೇರೆ ಎಡಿಟರುಗಳಲ್ಲಿ ಮತ್ತು ಹಳೆಯ ಯಂತ್ರಗಳಲ್ಲಿ ಇದನ್ನು ನಾವೇ ನೋಡಿಕೊಳ್ಳಬೇಕು.

ಮೂರನೆಯದು ಬರಹದ ದಿಕ್ಕು. ಅರಬ್ಬಿ ಕೀಲಿಮಣೆ ಸೇರಿಸಿರುವ ವಿಂಡೋಸ್‌ನಲ್ಲಿ ಕಂಟ್ರೋಲ್ ಮತ್ತು ಬಲಗಡೆಯ ಶಿಫ್ಟ್ ಒಟ್ಟಿಗೆ ಒತ್ತಿದರೆ ಬರಹ ಬಲದಿಂದ ಎಡಕ್ಕೆ ತಿರುಗಿಬಿಡುತ್ತದೆ. ಕನ್ನಡದ ಸಾಲು ಬಲ ಅಂಚಿಗೆ ಹೋಗಿ ನಿಲ್ಲುತ್ತದೆ. ಗಾಬರಿ ಬೇಡ, ಕಂಟ್ರೋಲ್ ಮತ್ತು ಎಡ ಶಿಫ್ಟ್ ಒತ್ತಿದರೆ ಸರಿಹೋಗುತ್ತದೆ.

ನಾಲ್ಕನೆಯದು ಕಣ್ಣಿಗೆ ಕಾಣದ ಸಂಕೇತಗಳದ್ದು. "ಸಾಫ್ಟ್‌ವೇರ್" ಎಂದು ಬಿಡಿಸಿ ಬರೆಯಲು ಮಧ್ಯೆ ಒಂದು ಅಗೋಚರ ಸಂಕೇತ ಬೇಕು. ಅದು ಹೋದರೆ "ಸಾಫ್ಟ್ವೇರ್" ಎಂದು ವಕಾರ ಟಕಾರದ ಕೆಳಗೆ ಒತ್ತಾಗಿ ಕೂರುತ್ತದೆ. ಕೆಲವು ಎಡಿಟರುಗಳು ಇಂತಹ ಅಗೋಚರ ಸಂಕೇತಗಳನ್ನು ಸಂಶಯದಿಂದ ಕಂಡು ಎಚ್ಚರಿಕೆ ಕೊಡುತ್ತವೆ. ಕಸವೆಂದು ತಿಳಿದು ಅವನ್ನೆಲ್ಲ ಒಟ್ಟಿಗೆ ಅಳಿಸಿದರೆ ಇಡೀ ಲೇಖನದ ಕಾಗುಣಿತವೇ ಕೆಡುತ್ತದೆ.

ಹೀಗಾಗಿ ಕನ್ನಡದ ಕೆಲಸಕ್ಕೆ ಎಡಿಟರಿನಲ್ಲಿ ಇರಬೇಕಾದ ಸೆಟ್ಟಿಂಗುಗಳು ಕೆಲವೇ. ಲಿಪಿಸಂಕೇತ ಯುಟಿಎಫ್-8 ಆಗಿರಬೇಕು. ವಿಂಡೋಸ್‌ನ ನಿರ್ಮಲ ಅಥವಾ ತುಂಗಾ, ಇಲ್ಲವೇ ಉಚಿತವಾಗಿ ಸಿಗುವ ನೋಟೋ ಸಾನ್ಸ್ ಕನ್ನಡ ಇವುಗಳಲ್ಲೊಂದು ಫಾಂಟ್ ಆಗಿರಬೇಕು. ಒತ್ತಕ್ಷರ ಕತ್ತರಿಸದಂತೆ ಸಾಲಿನ ಎತ್ತರ ಇಂಗ್ಲಿಷಿಗಿಂತ ಹೆಚ್ಚಿರಬೇಕು. ಉದ್ದ ಸಾಲು ಪರದೆಯೊಳಗೆ ತಾನೇ ಮಡಚಿಕೊಳ್ಳಬೇಕು. ಅಗೋಚರ ಸಂಕೇತಗಳನ್ನು ಅಳಿಸುವ ಸೌಲಭ್ಯ ಇದ್ದರೆ ಅದು ಮುಚ್ಚಿರಬೇಕು.

ಕೈಯಿಂದಲೇ ನಿಭಾಯಿಸುವ ಕ್ರಮ

ಒಂದೋ ಎರಡೋ ಕಂಪ್ಯೂಟರ್ ಇರುವ ಮನೆಗೆ ಯಾವ ವಿಶೇಷ ಸಾಧನವೂ ಬೇಕಿಲ್ಲ. ಕ್ರಮ ಹೀಗೆ.

1. ನಿಮ್ಮ ಎಡಿಟರಿನ ಸೆಟ್ಟಿಂಗ್ ಫೈಲು ಎಲ್ಲಿದೆ ಎಂದು ಹುಡುಕಿ, ಅದರ ಪೂರ್ಣ ವಿಳಾಸವನ್ನು ಬರೆದಿಟ್ಟುಕೊಳ್ಳಿ.

2. "ನನ್ನ ಸೆಟ್ಟಿಂಗುಗಳು" ಎಂಬ ಒಂದು ಫೋಲ್ಡರ್ ಮಾಡಿ, ಫೈಲಿನ ನಕಲನ್ನು ಅದರಲ್ಲಿ ಇಡಿ.

3. ಫೈಲಿನೊಳಗೆ ಪ್ರತಿ ಮುಖ್ಯ ಸಾಲಿನ ಬಳಿ ಅದನ್ನು ಏಕೆ ಹಾಕಿದಿರಿ ಎಂದು ಟಿಪ್ಪಣಿ ಬರೆಯಿರಿ. ವಿಮ್‌ನಲ್ಲಿ ಜೋಡಿ ಉದ್ಧರಣ ಚಿಹ್ನೆಯಿಂದ, ಈಮ್ಯಾಕ್ಸ್‌ನಲ್ಲಿ ಅರ್ಧವಿರಾಮದಿಂದ, ವಿಷುಯಲ್ ಸ್ಟುಡಿಯೋ ಕೋಡ್‌ನಲ್ಲಿ ಎರಡು ಓರೆಗೆರೆಗಳಿಂದ ಆರಂಭವಾಗುವ ಬರಹವನ್ನು ಎಡಿಟರ್ ಟಿಪ್ಪಣಿಯೆಂದು ತಿಳಿಯುತ್ತದೆ. ಟಿಪ್ಪಣಿಯನ್ನು ಕನ್ನಡದಲ್ಲಿಯೇ ಬರೆಯಬಹುದು.

4. "ಓದಿಕೊಳ್ಳಿ" ಎಂಬ ಇನ್ನೊಂದು ಚಿಕ್ಕ ಫೈಲಿನಲ್ಲಿ, ಸೆಟ್ಟಿಂಗ್ ಫೈಲಿನ ಜೊತೆ ಬಾರದಿರುವ ವಸ್ತುಗಳನ್ನು ಪಟ್ಟಿ ಮಾಡಿ. ಇದು ಬಹಳ ಮುಖ್ಯ. ಸೆಟ್ಟಿಂಗ್ ಫೈಲಿನಲ್ಲಿ ಫಾಂಟಿನ ಹೆಸರು ಮಾತ್ರ ಇರುತ್ತದೆ, ಫಾಂಟ್ ಇರುವುದಿಲ್ಲ. ಕನ್ನಡ ಕೀಲಿಮಣೆಯೂ ಎಡಿಟರಿಗೆ ಸೇರಿದ್ದಲ್ಲ, ವಿಂಡೋಸ್‌ಗೆ ಸೇರಿದ್ದು. ಇನ್‌ಸ್ಕ್ರಿಪ್ಟ್ ಬಳಸುತ್ತೀರೋ, ಕೆ.ಪಿ. ರಾವ್ ಅವರು ರೂಪಿಸಿದ, ನುಡಿಯಲ್ಲಿರುವ ವಿನ್ಯಾಸವನ್ನೋ, ಬರಹದಂತೆ ಇಂಗ್ಲಿಷ್ ಉಚ್ಚಾರಣೆಯ ಕ್ರಮವನ್ನೋ ಎಂಬುದನ್ನು ಬರೆದಿಡಿ.

5. ಫೋಲ್ಡರಿನ ಒಂದು ಪ್ರತಿ ಪೆನ್‌ಡ್ರೈವಿನಲ್ಲಿ, ಇನ್ನೊಂದು ನಿಮ್ಮದೇ ಇಮೇಲಿನಲ್ಲಿ ಅಥವಾ ಅಂತರಜಾಲದ ಸ್ವಂತ ಖಾತೆಯಲ್ಲಿ ಇರಲಿ.

ಕೈಯಿಂದ ಮಾಡುವುದರ ದೊಡ್ಡ ಲಾಭವೆಂದರೆ ಪ್ರತಿ ಸಾಲಿನ ಅರ್ಥ ನಮಗೆ ತಿಳಿದಿರುತ್ತದೆ. ಕಲಿಯುವ ಮಕ್ಕಳಿಗಂತೂ ಇದೇ ಒಳ್ಳೆಯ ಪಾಠ. ಬೇರೆಯವರ ನೂರಾರು ಸಾಲಿನ ಫೈಲನ್ನು ಹಾಗೆಯೇ ತಂದು ಅಂಟಿಸಿದರೆ ಎಡಿಟರ್ ಚೆಂದ ಕಾಣಬಹುದು, ಕೆಟ್ಟಾಗ ಮಾತ್ರ ಎಲ್ಲಿ ಕೈಹಾಕಬೇಕೆಂದು ತಿಳಿಯುವುದಿಲ್ಲ.

ಒಂದು ಸೂಕ್ಷ್ಮವನ್ನು ಗಮನಿಸಬೇಕು. ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ತನ್ನ ಸೆಟ್ಟಿಂಗ್ ಫೈಲನ್ನು ಮುಚ್ಚುವ ಹೊತ್ತಿಗೆ ತಾನೇ ಮತ್ತೆ ಬರೆಯುತ್ತದೆ. ಅದು ತೆರೆದಿರುವಾಗ ಅದೇ ಫೈಲನ್ನು ತಿದ್ದಿದರೆ ಮುಚ್ಚಿದಾಗ ನಿಮ್ಮ ತಿದ್ದುಪಡಿ ಅಳಿಸಿಹೋಗುತ್ತದೆ. ಮೊದಲು ಅದನ್ನು ಮುಚ್ಚಿ, ನೋಟ್‌ಪ್ಯಾಡಿನಂತಹ ಬೇರೊಂದು ಎಡಿಟರಿನಿಂದ ತಿದ್ದಬೇಕು.

ಈ ಕ್ರಮದ ಕೊರತೆಯೂ ಇದೆ. ಮನೆಯದರಲ್ಲಿ ಬದಲಾಯಿಸಿದ್ದು ಆಫೀಸಿನದರಲ್ಲಿ ಉಳಿದುಹೋಗುತ್ತದೆ. ಕೆಲವು ತಿಂಗಳಲ್ಲಿ ಎರಡು ಫೈಲುಗಳೂ ಬೇರೆ ಬೇರೆ. ಯಾವುದು ಹೊಸದು, ಯಾವುದು ಸರಿ ಎಂದು ಹೇಳುವುದೇ ಕಷ್ಟವಾಗುತ್ತದೆ. ಆಗಲೇ ಸಾಧನಗಳ ನೆರವು ಬೇಕಾಗುವುದು.

ಸ್ವಯಂಚಾಲಿತ ಸಾಧನಗಳು

ಮೊದಲ ಮೆಟ್ಟಿಲು ಗಿಟ್. ಲಿನಕ್ಸ್ ಖ್ಯಾತಿಯ ಲೈನಸ್ ಟೋರ್ವಾಲ್ಡ್ಸ್ 2005ರಲ್ಲಿ ಇದನ್ನು ಬರೆದರು. ನಮ್ಮ ಸಂಘದ ಮಿನಿಟ್ಸ್ ಪುಸ್ತಕವನ್ನು ನೆನಪಿಸಿಕೊಳ್ಳಿ. ಯಾವ ತಾರೀಕಿಗೆ ಯಾವ ನಿರ್ಣಯವಾಯಿತು, ಯಾರು ಸೂಚಿಸಿದರು ಎಂದು ಅದರಲ್ಲಿ ದಾಖಲಾಗಿರುತ್ತದೆ. ಹಳೆಯ ನಿರ್ಣಯವನ್ನು ಹರಿದು ಎಸೆಯುವುದಿಲ್ಲ, ಬದಲಿಗೆ ಮುಂದಿನ ಪುಟದಲ್ಲಿ ತಿದ್ದುಪಡಿ ಬರೆಯುತ್ತೇವೆ. ಗಿಟ್ ಮಾಡುವುದೂ ಇದನ್ನೇ. ಫೈಲಿನ ಪ್ರತಿ ಬದಲಾವಣೆ ತಾರೀಕು, ಹೆಸರು, ಕಾರಣಗಳೊಂದಿಗೆ ದಾಖಲಾಗುತ್ತದೆ. ನಿನ್ನೆ ಮಾಡಿದ ಬದಲಾವಣೆಯಿಂದ ಎಡಿಟರ್ ಕೆಟ್ಟರೆ ಮೊನ್ನೆಯ ಸ್ಥಿತಿಗೆ ಮರಳಬಹುದು.

ಎರಡನೆಯ ಮೆಟ್ಟಿಲು ಕೊಂಡಿ. ಎಡಿಟರ್ ಸೆಟ್ಟಿಂಗ್ ಹುಡುಕುವ ಜಾಗ ಒಂದು, ನಾವು ಜೋಪಾನವಾಗಿ ಇಟ್ಟಿರುವ ಫೋಲ್ಡರ್ ಇನ್ನೊಂದು. ಮೂಲಪತ್ರ ಬೀರುವಿನಲ್ಲಿದ್ದು, ಮೇಜಿನ ಮೇಲೆ "ಬೀರುವಿನಲ್ಲಿ ನೋಡಿ" ಎಂಬ ಚೀಟಿ ಇಟ್ಟಂತೆ, ಎಡಿಟರ್ ಹುಡುಕುವ ಜಾಗದಲ್ಲಿ ಮೂಲ ಫೈಲನ್ನು ತೋರಿಸುವ ಒಂದು ಕೊಂಡಿ ಇಡಬಹುದು. ಲಿನಕ್ಸ್ ಮತ್ತು ಮ್ಯಾಕ್ ಬಳಸುವವರಿಗೆ ಇಂತಹ ಅನೇಕ ಕೊಂಡಿಗಳನ್ನು ಒಂದೇ ಆಜ್ಞೆಯಲ್ಲಿ ಹಾಕಿಕೊಡುವ ಸಾಧನ "ಗ್ನೂ ಸ್ಟೋ".

ಮೂರನೆಯದು ಈ ಕೆಲಸಕ್ಕೆಂದೇ ಹುಟ್ಟಿದ "ಶೆಮ್ವಾ"ದಂತಹ ತಂತ್ರಾಂಶ. ಫ್ರೆಂಚ್ ಭಾಷೆಯಲ್ಲಿ ಈ ಹೆಸರಿನ ಅರ್ಥ "ನನ್ನ ಮನೆಯಲ್ಲಿ" ಎಂದು. ಎಲ್ಲ ಕಂಪ್ಯೂಟರುಗಳಿಗೂ ಸಾಮಾನ್ಯವಾದ ಸೆಟ್ಟಿಂಗ್ ಒಂದೇ ಇದ್ದು, ಆಫೀಸಿನದಕ್ಕೆ ಒಂದು ಸಾಲು, ಮನೆಯದಕ್ಕೆ ಇನ್ನೊಂದು ಸಾಲು ಬೇರೆಯಾಗಿರಬೇಕಾದರೆ ಅಂತಹ ವ್ಯತ್ಯಾಸವನ್ನು ಇದು ನಿಭಾಯಿಸುತ್ತದೆ. ಗುಪ್ತಪದಗಳನ್ನು ಫೈಲಿನಲ್ಲಿ ಬಹಿರಂಗವಾಗಿ ಬರೆಯದೆ ಬೇರೆಡೆಯಿಂದ ತಂದುಕೊಳ್ಳುವ ವ್ಯವಸ್ಥೆಯೂ ಇದೆ. ನೂರಾರು ಯಂತ್ರಗಳನ್ನು ನೋಡಿಕೊಳ್ಳುವ ಕಂಪೆನಿಗಳು "ಆನ್ಸಿಬಲ್"ನಂತಹ ಇನ್ನೂ ದೊಡ್ಡ ಸಾಧನಗಳನ್ನು ಬಳಸುತ್ತವೆ. ಒಂದು ಮನೆಗೆ ಅದು ಮದುವೆ ಮನೆಯ ಕೊಪ್ಪರಿಗೆಯಲ್ಲಿ ಇಬ್ಬರಿಗೆ ಚಹಾ ಕಾಯಿಸಿದಂತೆ.

ನಾಲ್ಕನೆಯದು ಎಡಿಟರಿನೊಳಗೇ ಇರುವ ಹೊಂದಾಣಿಕೆ. ವಿಷುಯಲ್ ಸ್ಟುಡಿಯೋ ಕೋಡ್‌ನಲ್ಲಿ 2020ರಿಂದ "ಸೆಟ್ಟಿಂಗ್ಸ್ ಸಿಂಕ್" ಎಲ್ಲರಿಗೂ ದೊರೆಯುತ್ತಿದೆ. ಮೈಕ್ರೋಸಾಫ್ಟ್ ಅಥವಾ ಗಿಟ್‌ಹಬ್ ಖಾತೆಯಿಂದ ಒಳಬಂದರೆ ಸೆಟ್ಟಿಂಗು, ಕೀಲಿಗಳ ಜೋಡಣೆ, ಸೇರಿಸಿಕೊಂಡ ಉಪತಂತ್ರಾಂಶಗಳ ಪಟ್ಟಿ ಎಲ್ಲವೂ ಹೊಸ ಕಂಪ್ಯೂಟರಿಗೆ ತಾವಾಗಿಯೇ ಬರುತ್ತವೆ. ಸುಲಭವಾದುದು ಇದೇ.

ಐದನೆಯದು ವ್ಯಕ್ತಿಗಿಂತ ಕೆಲಸಕ್ಕೆ ಅಂಟಿಕೊಂಡಿರುವ ಸೆಟ್ಟಿಂಗ್. "ಎಡಿಟರ್‌ಕಾನ್ಫಿಗ್" ಎಂಬ ಪದ್ಧತಿಯಲ್ಲಿ ಲೇಖನಗಳಿರುವ ಫೋಲ್ಡರಿನಲ್ಲಿಯೇ ಒಂದು ಪುಟ್ಟ ಫೈಲನ್ನು ಇಡುತ್ತಾರೆ. "ಇಲ್ಲಿರುವ ಎಲ್ಲ ಫೈಲುಗಳೂ ಯುಟಿಎಫ್-8 ಆಗಿರಲಿ" ಎಂದು ಅದರಲ್ಲಿ ಬರೆದಿದ್ದರೆ ಈ ಪದ್ಧತಿಯನ್ನು ಬಲ್ಲ ಯಾವ ಎಡಿಟರಿನಲ್ಲಿ ಯಾರು ತೆರೆದರೂ ಅದೇ ನಿಯಮ ನಡೆಯುತ್ತದೆ. ಕೆಲವು ಎಡಿಟರುಗಳಿಗೆ ಇದು ತಾನಾಗಿ ತಿಳಿದಿದೆ, ವಿಷುಯಲ್ ಸ್ಟುಡಿಯೋ ಕೋಡ್ ಮತ್ತು ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ಗೆ ಒಂದು ಉಪತಂತ್ರಾಂಶ ಸೇರಿಸಬೇಕು, ಸಾದಾ ನೋಟ್‌ಪ್ಯಾಡಿಗೆ ಇದು ತಿಳಿಯದು. ಅಬ್ಬಾಸಿಯಾದಿಂದ ಒಬ್ಬರು, ಮಂಗಾಫ್‌ನಿಂದ ಇನ್ನೊಬ್ಬರು, ಊರಿನಿಂದ ಮತ್ತೊಬ್ಬರು ಕೂಡಿ ಸ್ಮರಣ ಸಂಚಿಕೆಯ ಲೇಖನಗಳನ್ನು ತಿದ್ದುವಾಗ ಇಂತಹ ಒಂದು ಒಪ್ಪಂದ ಬಹಳ ತಲೆನೋವನ್ನು ತಪ್ಪಿಸುತ್ತದೆ.

ಸಾಧನ ಬಳಸುವವರಿಗೆ ಕೆಲವು ಎಚ್ಚರಿಕೆಗಳು

ಸಾಧನವು ನಮ್ಮ ಚೀಟಿಯನ್ನು ಹೊತ್ತೊಯ್ಯುತ್ತದೆಯೇ ಹೊರತು ಚೀಟಿಯಲ್ಲಿ ಬರೆದದ್ದು ಸರಿಯೇ ತಪ್ಪೇ ಎಂದು ನೋಡುವುದಿಲ್ಲ. ಒಂದು ಕಂಪ್ಯೂಟರಿನಲ್ಲಿ ತಪ್ಪು ಲಿಪಿಸಂಕೇತ ಆರಿಸಿದರೆ ಸಿಂಕ್ ಆ ತಪ್ಪನ್ನೂ ಅಷ್ಟೇ ನಿಷ್ಠೆಯಿಂದ ಉಳಿದ ಎಲ್ಲದಕ್ಕೂ ಹಂಚುತ್ತದೆ. ಆದ್ದರಿಂದ ಸಿಂಕ್ ಇದ್ದರೂ ಕೈಯಿಂದ ತೆಗೆದ ಒಂದು ನಕಲು ಬೇರೆ ಇರಲೇಬೇಕು.

ಖಾತೆ ಯಾರ ಹೆಸರಿನಲ್ಲಿದೆ ಎಂದು ನೋಡಿಕೊಳ್ಳಿ. ಕಂಪೆನಿಯ ಇಮೇಲಿನಿಂದ ಸಿಂಕ್ ಮಾಡಿದ್ದರೆ ಕೆಲಸ ಬಿಟ್ಟ ದಿನ ಆ ಖಾತೆ ಮುಚ್ಚುತ್ತದೆ. ನಿಮ್ಮ ವೈಯಕ್ತಿಕ ಸೆಟ್ಟಿಂಗುಗಳಿಗೆ ಸ್ವಂತ ಖಾತೆ ಇರಲಿ. ಹಾಗೆಯೇ ಕಂಪೆನಿಯ ಸರ್ವರ್ ವಿಳಾಸ, ಗುಪ್ತಪದ ಮುಂತಾದವು ನಿಮ್ಮ ಫೈಲಿನೊಳಗೆ ಸೇರಿ ಹೊರಹೋಗಬಾರದು. ಅದು ನೌಕರಿಯ ನಿಯಮಕ್ಕೂ ವಿರುದ್ಧ, ಅಪಾಯವೂ ಹೌದು. ಗಿಟ್‌ನಲ್ಲಿ ಒಮ್ಮೆ ಸೇರಿದ ಗುಪ್ತಪದವನ್ನು ಆಮೇಲೆ ಫೈಲಿನಿಂದ ಅಳಿಸಿದರೂ ಹಳೆಯ ದಾಖಲೆಯಲ್ಲಿ ಅದು ಉಳಿದೇ ಇರುತ್ತದೆ. ಹಾಗೆ ಆಗಿದ್ದಲ್ಲಿ ಆ ಗುಪ್ತಪದವನ್ನೇ ಬದಲಿಸುವುದು ಕ್ಷೇಮ.

ಯಾರಿಗೆ ಯಾವುದು?

ಲೇಖನ, ಪತ್ರ ಟೈಪ್ ಮಾಡುವ ಮನೆಗೆ ಕೈಯಿಂದ ಮಾಡಿದ ನಕಲು ಮತ್ತು "ಓದಿಕೊಳ್ಳಿ" ಚೀಟಿ ಸಾಕು. ಪ್ರೋಗ್ರಾಮಿಂಗ್ ಕಲಿಯುವ ಮಕ್ಕಳು ಮೊದಲ ವರ್ಷ ಕೈಯಿಂದಲೇ ಫೈಲನ್ನು ಬೆಳೆಸಲಿ, ದಿನಕ್ಕೊಂದು ಸಾಲಾದರೂ ಸರಿ. ಆಮೇಲೆ ಗಿಟ್ ಕಲಿತರೆ ಮುಂದೆ ಇಂಜಿನಿಯರಿಂಗ್ ಓದುವಾಗಲೂ ಉಪಯೋಗಕ್ಕೆ ಬರುತ್ತದೆ. ಮೂರು ನಾಲ್ಕು ಯಂತ್ರಗಳ ಮೇಲೆ ಕೆಲಸ ಮಾಡುವ ವೃತ್ತಿಪರರಿಗೆ ಗಿಟ್ ಜೊತೆ ಸ್ಟೋ ಅಥವಾ ಶೆಮ್ವಾ ಒಳ್ಳೆಯದು. ಸಂಪಾದಕ ಮಂಡಳಿಯಂತಹ ತಂಡಕ್ಕೆ ಎಡಿಟರ್‌ಕಾನ್ಫಿಗ್ ಮತ್ತು "ಎಲ್ಲರೂ ಯುನಿಕೋಡ್‌ನಲ್ಲಿಯೇ ಕಳುಹಿಸಿ" ಎಂಬ ಒಂದು ನಿರ್ಣಯ ಬೇಕು. ಸರಳ ಸೂತ್ರ ಇಷ್ಟೇ: ಒಂದೇ ಬದಲಾವಣೆಯನ್ನು ಮೂರನೆಯ ಸಲ ಕೈಯಿಂದ ಮಾಡಬೇಕಾಗಿ ಬಂದಾಗ ಸಾಧನದ ಬಗ್ಗೆ ಯೋಚಿಸಿ. ಅದಕ್ಕೆ ಮೊದಲು ಯೋಚಿಸಿದರೆ ಸಾಧನ ಕಲಿಯುವುದರಲ್ಲೇ ರಜೆಯೆಲ್ಲ ಮುಗಿಯುತ್ತದೆ.

ನಮಗೆ ಇದು ಹೆಚ್ಚು ಮುಖ್ಯವೇಕೆ?

ಪರದೇಶದಲ್ಲಿರುವ ನಮ್ಮ ಬದುಕು ಇಖಾಮಾದ ಅವಧಿಗೆ ಕಟ್ಟುಬಿದ್ದಿದೆ. ಇಂದು ಇಲ್ಲಿ, ನಾಳೆ ಎಲ್ಲೋ. 1990ರ ಆಗಸ್ಟ್ 2ರಂದು ಇರಾಕ್ ಕುವೈತನ್ನು ಆಕ್ರಮಿಸಿದ ಬಳಿಕ ಸುಮಾರು 1,70,000 ಭಾರತೀಯರು ಊರಿಗೆ ಮರಳಬೇಕಾಯಿತು. ಅವರಲ್ಲಿ ಹೆಚ್ಚಿನವರು ಕೈಗೆ ಸಿಕ್ಕಷ್ಟನ್ನು ಹಿಡಿದುಕೊಂಡು ಹೊರಟವರು. 2020ರ ಕೊರೊನಾ ಕಾಲದಲ್ಲಿ ರಜೆಗೆಂದು ಊರಿಗೆ ಹೋದ ಅನೇಕರು ತಿಂಗಳುಗಟ್ಟಲೆ ಹಿಂದಿರುಗಲಾಗಲಿಲ್ಲ. ಫ್ಲಾಟಿನಲ್ಲಿ ಬಿಟ್ಟುಹೋದ ಕಂಪ್ಯೂಟರು ಅಲ್ಲಿಯೇ, ಆನ್‌ಲೈನ್ ತರಗತಿಗೆ ಕೂರಬೇಕಾದ ಮಕ್ಕಳು ಊರಿನಲ್ಲಿ. ಅಂತಹ ದೊಡ್ಡ ಸಂಕಟಗಳ ಮುಂದೆ ಎಡಿಟರಿನ ಸೆಟ್ಟಿಂಗ್ ತೃಣಸಮಾನ, ನಿಜ. ಆದರೆ ಪಾಸ್‌ಪೋರ್ಟ್, ಸಿವಿಲ್ ಐಡಿ ಪ್ರತಿ, ಅಂಕಪಟ್ಟಿಗಳನ್ನು ಒಂದೇ ಫೈಲಿನಲ್ಲಿ ಕೈಗೆಟಕುವಂತೆ ಇಡುವ ಅಭ್ಯಾಸ ನಮಗೆ ಇಂತಹ ಅನುಭವಗಳಿಂದಲೇ ಬಂದಿದೆ. ಮಕ್ಕಳ ಎರಡು ವರ್ಷದ ಪ್ರಾಜೆಕ್ಟು, ಅಜ್ಜನ ಬಾಯಿಂದ ಕೇಳಿ ಬರೆದುಕೊಂಡ ಊರಿನ ಕಥೆ, ಸಂಘದ ಇಪ್ಪತ್ತು ವರ್ಷದ ವರದಿಗಳು ಇವೂ ನಮ್ಮ ಆಸ್ತಿಯೇ. ಅವನ್ನು ತೆರೆದು ಓದಲು ಬೇಕಾದ ಸೆಟ್ಟಿಂಗುಗಳಿಗೂ ಆ ಫೈಲಿನಲ್ಲಿ ಒಂದು ಪುಟ ಸಲ್ಲಬೇಕು.

ಎಡಿಟರುಗಳ ಮಾತು ಬಂದಾಗ, ಸಹಾಯಾರ್ಥವಾಗಿ ಹೊರಬರುವ ಇಂತಹ ಸಂಚಿಕೆಯಲ್ಲಿ ಹೇಳಲೇಬೇಕಾದ ಒಂದು ಸಂಗತಿಯಿದೆ. ವಿಮ್ ಎಡಿಟರನ್ನು 1991ರಲ್ಲಿ ಹೊರತಂದವರು ನೆದರ್‌ಲ್ಯಾಂಡ್ಸ್‌ನ ಬ್ರಾಮ್ ಮೊಲೆನಾರ್. 1994ರಲ್ಲಿ ಅವರು ಸ್ವಯಂಸೇವಕರಾಗಿ ಉಗಾಂಡಾ ದೇಶದ ಕಿಬಾಲೆ ಎಂಬ ಹಳ್ಳಿಯ ಮಕ್ಕಳ ಕೇಂದ್ರದಲ್ಲಿ ಕೆಲಸ ಮಾಡಿದರು. ಏಡ್ಸ್‌ನಿಂದ ತಂದೆತಾಯಿಯನ್ನು ಕಳೆದುಕೊಂಡ ಮಕ್ಕಳು ಅಲ್ಲಿ ಬಹಳವಿದ್ದರು. ಮರಳಿ ಬಂದ ಮೇಲೆ ತಮ್ಮ ತಂತ್ರಾಂಶಕ್ಕೆ ಬೆಲೆ ಕಟ್ಟದೆ ಎಲ್ಲರಿಗೂ ಉಚಿತವಾಗಿ ಕೊಟ್ಟು, ಮೆಚ್ಚಿದವರು ಆ ಮಕ್ಕಳಿಗೆ ಸಹಾಯ ಮಾಡಿ ಎಂದಷ್ಟೇ ಕೇಳಿಕೊಂಡರು. ವಿಮ್ ತೆರೆದಾಗ ಮೊದಲ ಪರದೆಯಲ್ಲಿಯೇ ಈ ಕೋರಿಕೆ ಕಾಣಿಸುತ್ತಿತ್ತು. 2023ರ ಆಗಸ್ಟ್ 3ರಂದು ಬ್ರಾಮ್ ತೀರಿಕೊಂಡರು. ಅವರ ಎಡಿಟರನ್ನು ಸಹಾಯಕರ ತಂಡ ಮುಂದುವರಿಸಿಕೊಂಡು ಬಂದಿದೆ. ಬರೀ ಅಕ್ಷರ ತಿದ್ದುವ ಒಂದು ತಂತ್ರಾಂಶದಿಂದ ದೂರದ ಹಳ್ಳಿಯ ಮಕ್ಕಳ ಓದಿಗೆ ನೆರವಾಯಿತೆಂದರೆ ಅದು ಸಣ್ಣ ಮಾತಲ್ಲ.

ಕೊನೆಯದಾಗಿ, ಈ ಲೇಖನ ಓದಿದ ಕುಟುಂಬಗಳಿಗೆ ಒಂದು ವಿನಂತಿ. ಬರುವ ಶುಕ್ರವಾರ ಒಂದು ಗಂಟೆ ಬಿಡುವು ಮಾಡಿಕೊಳ್ಳಿ. ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನಿಮ್ಮ ಸೆಟ್ಟಿಂಗ್ ಫೈಲನ್ನು ಹುಡುಕಿ, ನಕಲು ಮಾಡಿ, ಮನೆಯ ಇನ್ನೊಂದು ಕಂಪ್ಯೂಟರಿನಲ್ಲಿ ಅದನ್ನು ಹಾಕಿ ನೋಡಿ. "ಕನ್ನಡ", "ಸಾಫ್ಟ್‌ವೇರ್", "ರಾಷ್ಟ್ರ" ಎಂಬ ಮೂರು ಪದಗಳನ್ನು ಟೈಪ್ ಮಾಡಿ, ಉಳಿಸಿ, ಮುಚ್ಚಿ, ಮತ್ತೆ ತೆರೆಯಿರಿ. ಮೂರೂ ಪದಗಳು ಇದ್ದಂತೆಯೇ ಕಂಡರೆ ನಿಮ್ಮ ಕೆಲಸ ಸರಿಯಾಗಿದೆ. ಕಾಣದಿದ್ದರೆ ಏನು ಬಿಟ್ಟುಹೋಗಿದೆ ಎಂಬುದು ಅಂದೇ ತಿಳಿಯುತ್ತದೆ. ಊರಿಗೆ ಹೊರಡುವ ವಿಮಾನದ ದಿನ ತಿಳಿಯುವುದಕ್ಕಿಂತ ಅದು ಎಷ್ಟೋ ಮೇಲು.